ಫ್ರಿಜ್ಜಿಗೆ ಹೋದ ಮೊಝರೆಲ್ಲಾ

ಇಟಲಿಯ ಅವೆರ್ಸಾ ಊರಿನ ಒಲಿಂಪಿಯಾ ಮೂವತ್ತೆಂಟು ವರ್ಷ ಶಾಲೆಯ ಗಂಟೆ ಬಾರಿಸಿ ನಿವೃತ್ತಳಾದವಳು. ಪಾಠ ಹೇಳುವ ಭಾಗ್ಯ ಸಿಗದ ಕೊರತೆಯನ್ನು ಊರಿಗೆಲ್ಲ ಮೊಝರೆಲ್ಲಾ ಪಾಠ ಹೇಳಿ ತೀರಿಸಿಕೊಂಡಳು. ಎಮ್ಮೆ ಹಾಲಿನ ಆ ಮೆತ್ತನೆಯ ಚೀಸನ್ನು ಬೆಳಿಗ್ಗೆ ಬೆಚ್ಚಗಿರುವಾಗಲೇ ತರಬೇಕು, ಅದರದೇ ನೀರಿನಲ್ಲಿ ಮುಳುಗಿಸಿ ಮೇಜಿನ ಮೇಲಿಡಬೇಕು, ಮಧ್ಯಾಹ್ನ ಕೈಯಲ್ಲೇ ಹರಿದು ತಿಂದು ಮುಗಿಸಬೇಕು. ಎಣ್ಣೆ, ಮೆಣಸು ಸುರಿಯುವವರು ಅವಳ ಪ್ರಕಾರ ಕಾಯಿಲೆಯವರು. ಫ್ರಿಜ್ಜಿನಲ್ಲಿಡುವವರ ಬಗ್ಗೆ ಅವಳು ಮಾತೇ ಆಡುತ್ತಿರಲಿಲ್ಲ, ಅಂದರೆ ಅರ್ಧ ಗಂಟೆಗಿಂತ ಹೆಚ್ಚು.

ಈ ಪಾಂಡಿತ್ಯಕ್ಕೆ ಅವಳು ತೆತ್ತದ್ದು ಇದ್ದೊಬ್ಬ ತಂಗಿಯನ್ನು. ತಾಯಿಯನ್ನು ಮಣ್ಣು ಮಾಡಿ ಬಂದ ದಿನ, ದೂರದ ಟ್ಯೂರಿನ್‌ಗೆ ಸೊಸೆಯಾಗಿ ಹೋಗಿದ್ದ ಆ ತಂಗಿ ಅಸ್ಸುಂತಾ ನೆಂಟರಿಗೆ ಬಡಿಸಲು ಫ್ರಿಜ್ಜಿನಿಂದ ಮೊಝರೆಲ್ಲಾ ತೆಗೆದಳು.

"ಅಮ್ಮನ್ನ ಒಂದ್ಸಲ ಮಣ್ಣು ಮಾಡಿದ್ದು ಸಾಲ್ದೇನೆ ನಿಂಗೆ?" ಎಂದಳು ಒಲಿಂಪಿಯಾ, ಎಲ್ಲರೆದುರು.

ಸಂಜೆಯ ರೈಲು ಹತ್ತಿದ ಅಸ್ಸುಂತಾ ಒಂಬತ್ತು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಈ ಆಗಸ್ಟಿನಲ್ಲಿ ತಾನಾಗಿಯೇ ಫೋನ್ ಮಾಡಿದಳು. "ಹದಿನಾಲ್ಕನೇ ತಾರೀಕು ಊಟಕ್ಕೆ ಬರ್ತೀನಿ ಕಣಕ್ಕ. ಮತ್ತೆ ಅವಮಾನ ಮಾಡಿದ್ರೆ ಇನ್ಯಾವತ್ತೂ ಬರಲ್ಲ."

ಹದಿನಾಲ್ಕರ ಬೆಳಿಗ್ಗೆ ಒಲಿಂಪಿಯಾ ಅರ್ಧ ಕಿಲೋದ ಮೊಝರೆಲ್ಲಾ ಉಂಡೆ ತಂದಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು: "ರೈಲು ರದ್ದಾಗಿದೆ ಅಕ್ಕ. ನಾಳೆ ಬರ್ತೀನಿ."

ನಾಳೆ ಆಗಸ್ಟ್ ಹದಿನೈದರ ಹಬ್ಬ, ಅವಳು ಚೀಸ್ ಕೊಳ್ಳುವ ಅಂಗಡಿಗೆ ಬೀಗ. ತೆರೆದಿರುವ ಬೇರೆ ಅಂಗಡಿಗಳಲ್ಲಿ ಮಾರುವುದು ಚೀಸೇ ಅಲ್ಲವೆಂದು ಇಪ್ಪತ್ತು ವರ್ಷಗಳಿಂದ ಸಾರಿದವಳು ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಹೋಗಬೇಕು? ಮೇಜಿನ ಮೇಲೆ ಬಿಟ್ಟರೆ ಈ ಸೆಕೆಗೆ ಹುಳಿಯಾಗುವುದು ಖಂಡಿತ. ಬೇರೇನಾದರೂ ಬಡಿಸಿದರೆ ಅಕ್ಕನ ಸಿಟ್ಟು ಇಳಿದಿಲ್ಲವೆಂದೇ ತಂಗಿ ತಿಳಿಯುತ್ತಾಳೆ. ಆ ಮನೆಯಲ್ಲಿ ಮೊಝರೆಲ್ಲಾ ಇಲ್ಲದ ಊಟ ಬಡಿಸುವುದು ಕಂಡರಾಗದವರಿಗೆ ಮಾತ್ರ. ವಿದುಷಿ ಕಿಟಕಿ ಮುಚ್ಚಿ, ಕಳ್ಳಮಾಲು ಬಚ್ಚಿಡುವವಳಂತೆ ಅದನ್ನು ಫ್ರಿಜ್ಜಿಗೆ ತಳ್ಳಿದಳು.

ಮರುದಿನ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಏನೂ ಅರಿಯದವಳಂತೆ ಬಡಿಸಿದಳು. ಅಸ್ಸುಂತಾ ಒಂದು ತುಂಡು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು.

"ಅಕ್ಕಾ, ಇದನ್ನ ಫ್ರಿಜ್ಜಲ್ಲಿಟ್ಟಿದ್ಯಾ?"

"ಹೂಂ ಕಣೇ," ಎಂದಳು ಒಲಿಂಪಿಯಾ. "ಬೈಯೋದಿದ್ರೆ ಬೈದ್ಬಿಡು. ಎದ್ದು ಮಾತ್ರ ಹೋಗ್ಬೇಡ."

"ಥೂ, ರಬ್ಬರ್ ಇದ್ದ ಹಾಗಿದೆ," ಎಂದ ಅಸ್ಸುಂತಾ ತಟ್ಟೆ ಮುಂದೆ ಒಡ್ಡಿದಳು. "ಇನ್ನೊಂದು ತುಂಡು ಹಾಕು."