ರನ್‌ವೇ ಪಕ್ಕದ ಹೊಲಕ್ಕೆ ಚರಗ

ನಾನು ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸುತ್ತೇನೆ. ಕೇಳಿದವರು ನಗುತ್ತಾರೆ, ನಗಲಿ. ಇಂಜಿನ್ನಿಗೆ ಒಂದು ಹದ್ದು ಸಿಕ್ಕರೆ ಒಳಗೆ ಕುಳಿತವರೆಲ್ಲರ ಜೀವಕ್ಕೆ ಕುತ್ತು ಎಂದು ಹೇಳಿದರೆ ಅದೇ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ರನ್‌ವೇ ಪಕ್ಕದ ಹುಲ್ಲಿರುವಲ್ಲಿ ಮೊದಲು ನಮ್ಮ ನಾಲ್ಕು ಎಕರೆ ಹೊಲವಿತ್ತು. ಸರಕಾರ ತೆಗೆದುಕೊಂಡ ಮೇಲೆ ಎಷ್ಟೋ ವರ್ಷ ಅಲ್ಲಿ ಆಡು ಮೇಯುತ್ತಿದ್ದವು. ಅಣ್ಣ ಕರಜಗಿಯಲ್ಲಿ ನೀರಾವರಿ ಜಮೀನು ಹಿಡಿದು ಕಬ್ಬು ಹಾಕಿದ, ಅವ್ವನನ್ನೂ ಕರೆದುಕೊಂಡು ಹೋದ. ಕೊನೆಗೊಮ್ಮೆ ನಿಲ್ದಾಣ ಎದ್ದಿತು. ವಿಮಾನಗಳು ಬಂದವು. ಆಳಂದದ ಕಡೆಯವರು ಒಬ್ಬರನ್ನು ಕಳಿಸಲು ಜೀಪು ತುಂಬ ಬರುತ್ತಿದ್ದರು. ಆಮೇಲೆ ಒಂದೊಂದೇ ಕಡಿಮೆಯಾಗಿ ವಿಮಾನ ನಿಂತೇ ಹೋದವು.

ನಮ್ಮ ಕೆಲಸ ಮಾತ್ರ ನಿಲ್ಲಲಿಲ್ಲ. ಯಾವಾಗ ಯಾವುದು ಇಳಿದೀತೋ ಎಂದು ದಿನಾ ಬೆಳಿಗ್ಗೆ ರನ್‌ವೇ ಉದ್ದಕ್ಕೂ ಕಲ್ಲು, ಮೊಳೆ ಆರಿಸುತ್ತೇವೆ. ಸಾಮಾನಿನ ಬೆಲ್ಟು ಖಾಲಿ ತಿರುಗುತ್ತದೆ. ಯಾರೂ ಇಲ್ಲದ ಹಾಲ್‌ನಲ್ಲಿ ಮೈಕು ‘ಪ್ರಯಾಣಿಕರ ಗಮನಕ್ಕೆ’ ಎನ್ನುತ್ತದೆ. ಆಗ ನಾನು ಖಾಲಿ ಕುರ್ಚಿಗಳ ಕಡೆ ನೋಡುವುದಿಲ್ಲ. ಯಾರಾದರೂ ಎದ್ದು ನಿಂತಾರು ಎಂಬ ಭಯ, ಸುಳ್ಳೇಕೆ ಹೇಳಲಿ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಸಜ್ಜೆ ಕಡುಬು, ಕಾಳು-ಸೊಪ್ಪಿನ ಭಜ್ಜಿ, ಅನ್ನ ಕಲಸಿ ಹೊಲದ ಸುತ್ತ ಎರಚುತ್ತ ಬರುವುದು. ತುಂಬಿದ ಬಸುರಿಯಾದ ಭೂಮಿಗೆ ಅದು ಬಯಕೆಯ ಊಟ. ಅವ್ವ ಕರಜಗಿಯ ಜಮೀನನ್ನು ಇವತ್ತಿಗೂ ನಮ್ಮದು ಅನ್ನುವುದಿಲ್ಲ. ಮಂಡಿನೋವಿನಿಂದ ಬರಲಾಗದೆ, ಪ್ರತಿ ವರ್ಷ ಮುಂಜಾನೆಯ ಬಸ್ಸಿಗೆ ಚರಗದ ಡಬ್ಬಿ ಕಳಿಸಿ ಫೋನು ಮಾಡುತ್ತಾಳೆ.

“ನಿಮ್ಮಪ್ಪನ ಹೊಲಕ್ಕ ಚೆಲ್ಲಿ ಬಾ ಬೇ. ಬಸುರೀನ್ನ ಉಪಾಸ ಕೆಡವಬಾರ್ದು.”

ರನ್‌ವೇ ಬದಿಗೆ ಅನ್ನ ಚೆಲ್ಲಿದರೆ ಊರ ಹಕ್ಕಿಯೆಲ್ಲ ಬಂದು ಕೂರುತ್ತದೆ. ಅದನ್ನು ತಡೆಯುವುದಕ್ಕೇ ನನಗೆ ಸಂಬಳ. ಮೂರು ವರ್ಷ ಆ ಡಬ್ಬಿಯನ್ನು ಜೊತೆಯವರೊಂದಿಗೆ ಕುಳಿತು ಬೆರಳು ನೆಕ್ಕಿಕೊಂಡು ತಿಂದೆ. ಅವ್ವನಿಗೆ ಚೆಲ್ಲಿದೆ ಎಂದೆ.

ನಾಲ್ಕನೆಯ ವರ್ಷ ಡಬ್ಬಿ ಕೈಗೆ ಬಂದ ಸ್ವಲ್ಪ ಹೊತ್ತಿಗೇ ಕಂಟ್ರೋಲ್ ಟವರಿನಿಂದ ಸೂಚನೆ ಬಂತು. ಜೇವರ್ಗಿ ಕಡೆಯ ಒಂದು ಕೂಸನ್ನು ಹೈದರಾಬಾದಿಗೆ ಒಯ್ಯಲು ಆಸ್ಪತ್ರೆಯ ಸಣ್ಣ ವಿಮಾನ ಬರುತ್ತಿದೆ, ಅರ್ಧ ಗಂಟೆಯಲ್ಲಿ ರನ್‌ವೇ ಸ್ವಚ್ಛ ಇರಬೇಕು. ಡಬ್ಬಿಯನ್ನು ಸೀಟಿನ ಮೇಲಿಟ್ಟು, ಡ್ರೈವರನೊಂದಿಗೆ ನಿಲ್ದಾಣದ ಜೀಪಿನಲ್ಲಿ ಹೋದೆ.

ಹುಲ್ಲಿನ ಮೇಲೆ ಹಕ್ಕಿಗಳು ಕುಳಿತಿದ್ದವು. ಬೆಳ್ಳಕ್ಕಿ, ಗೊರವಂಕ, ಕಾಗೆ, ಹದ್ದು ಒಂದರ ಪಕ್ಕ ಒಂದು, ಯಾವುದಕ್ಕೂ ಯಾವುದರ ಅಂಜಿಕೆಯಿಲ್ಲ. ಒಂದೂ ಕೂಗುತ್ತಿರಲಿಲ್ಲ. ಗುಂಪಾಗಿಯೂ ಇರಲಿಲ್ಲ, ಸಾಲಾಗಿ ಇದ್ದವು. ಸಾಲು ನೆಟ್ಟಗೆ ಹೋಗಿ, ಹಿಂದೆ ಬೇವಿನ ಗಿಡವಿದ್ದಲ್ಲಿ ತಿರುಗಿ, ಬಾವಿಯಿದ್ದಲ್ಲಿ ಮತ್ತೆ ತಿರುಗಿತ್ತು. ನಮ್ಮ ಹೊಲದ ಬದು ಅದು. ಬುಲ್ಡೋಜರು ಸಮ ಮಾಡಿದ ಬದುವಿನ ಮೇಲೆ ಹಕ್ಕಿಗಳು ಊಟಕ್ಕೆ ಪಂಕ್ತಿ ಕುಳಿತಿದ್ದವು.

ಗ್ಯಾಸ್ ಬಂದೂಕು ಸಿಡಿಸಿದೆವು. ಎದ್ದವು, ಅದೇ ಜಾಗಕ್ಕೆ ಅದೇ ಸಾಲಿನಲ್ಲಿ ಇಳಿದವು. ಪಟಾಕಿ ಹಚ್ಚಿದೆವು. ಅದಕ್ಕೂ ಅಷ್ಟೇ. ಡ್ರೈವರ್ ಬೆವರು ಒರೆಸಿಕೊಂಡ.

“ಅಕ್ಕಾರ, ಇವು ನಿಮ್ಮನ್ನೇ ನೋಡಾಕತ್ತಾವ್ರಿ.”

ನಿಜ, ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ವೈರ್‌ಲೆಸ್ಸಿನಲ್ಲಿ ಟವರಿನವರು ಬೈಯುತ್ತಿದ್ದರು. ಹಕ್ಕಿ ಏಳದಿದ್ದರೆ ವಿಮಾನ ತಿರುಗಿ ಹೋಗುತ್ತದೆ, ಕೂಸು ಆಂಬುಲೆನ್ಸಿನಲ್ಲೇ ಉಳಿಯುತ್ತದೆ.

ಸೀಟಿನ ಮೇಲಿದ್ದ ಡಬ್ಬಿ ಎತ್ತಿಕೊಂಡೆ. ಕಂಪೌಂಡಿನ ತುರ್ತು ಗೇಟು ತೆಗೆಸಿ, ಹೊರಗಿನ ಬಂಡಿದಾರಿ ದಾಟಿ, ಪಾಳುಬಿದ್ದ ಹೊಲದೊಳಗೆ ಏದುಸಿರು ಬಿಡುತ್ತ ಓಡಿದೆ. ಅಲ್ಲಿ ಮುಚ್ಚಳ ತೆಗೆದು ಕಡುಬು, ಭಜ್ಜಿ, ಅನ್ನ ಎಲ್ಲ ಎರಚಿದೆ. “ತಪ್ಪಾತು, ಉಣ್ಣ್ರಿ” ಎಂದು ಕೂಗಿದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ಮೊದಲು ರೆಕ್ಕೆಯ ಸದ್ದು ಬಂತು. ಆಮೇಲೆ ಇಡೀ ಸಾಲು ಗೋಡೆ ದಾಟಿ ನನ್ನ ತಲೆಯ ಮೇಲೆ ಹಾದು ಆ ಹೊಲಕ್ಕೆ ಇಳಿಯಿತು. ಗೋಡೆಯಾಚೆ ವಿಮಾನ ನೆಲ ಮುಟ್ಟಿತು. ಕೂಸನ್ನು ಹತ್ತಿಸಿಕೊಂಡು ಅದು ಮೇಲೇಳುವವರೆಗೆ ಒಂದು ಹಕ್ಕಿಯೂ ತಲೆ ಎತ್ತಲಿಲ್ಲ. ವರದಿಯಲ್ಲಿ ‘ಹಕ್ಕಿಗಳನ್ನು ಚದುರಿಸಲಾಯಿತು’ ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ಅವ್ವನ ಫೋನು ಬಂತು. “ಚೆಲ್ಲಿದ್ಯಾ?”

“ಹೂಂ, ಯವ್ವಾ” ಅನ್ನುವಷ್ಟರಲ್ಲಿ ಅಳು ಬಂತು.

“ಮೂರು ವರ್ಷ ಫಟ್ ಅಂತ ಹೂಂ ಅಂದಿ. ಇವತ್ತ ಅಳಾಕತ್ತಿ. ಅಂದ್ರ ಇವತ್ತ ಖರೇ ಚೆಲ್ಲಿದಿ.”

ನಾಚಿಕೆಯಿಂದ ಸತ್ತುಹೋದಂತಾಯಿತು. ಗೊತ್ತಿದ್ದೂ ಯಾಕೆ ಕಳಿಸುತ್ತಿದ್ದೆ ಎಂದು ಕೇಳಿದೆ.

“ನೀ ತಿಂತಿದ್ದಿ ಅಲ್ಲ? ಮಣ್ಣಿಗಿ ಮುಟ್ಟಲಿಲ್ಲಂದ್ರ, ಆ ಮಣ್ಣಿನ ಅನ್ನ ಉಂಡು ಬೆಳೆದಾಕಿಗರ ಮುಟ್ಟತೈತಿ ಅಂತ ಕಳಿಸ್ತಿದ್ನಿ.”