ಒಂದೇ ಕಾಲು ನೆಕ್ಕುವ ನಾಯಿ

ಪಾರ್ವತಿಯ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪರದೇಶದ ಮಾಲ್ಮೋ ಊರಿಗೆ ಬಂದ ಮೂರು ವರ್ಷದಲ್ಲಿ ಅದನ್ನು ನುಂಗಿ ನುಂಗಿ ಸಾಕಾಗಿತ್ತು. ಹೆಬ್ಬಾಳದಲ್ಲಿ ಪಶುವೈದ್ಯ ಓದಿ, ತಿಪಟೂರಿನ ದನದ ಆಸ್ಪತ್ರೆಯಲ್ಲಿ ಆರು ವರ್ಷ ಡಾಕ್ಟರಮ್ಮ ಅನ್ನಿಸಿಕೊಂಡವಳು ಅವಳು. ಗಂಡ ಭಾಸ್ಕರನ ಕಂಪ್ಯೂಟರ್ ಕೆಲಸದ ಹಿಂದೆ ಇಲ್ಲಿಗೆ ಬಂದ ಮೇಲೆ ಆ ಡಿಗ್ರಿಯನ್ನು ಮೂಸುವವರಿಲ್ಲ. ಒಡೆಯರು ಆಫೀಸಿಗೆ ಹೋಗುವಾಗ ನಾಯಿಗಳನ್ನು ಬಿಟ್ಟುಹೋಗುವ ಡಾಗಿಸ್‌ನಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತ್ತು. "ಇಲ್ಲಿ ಡಾಕ್ಟರಿಕೆ ತೋರಿಸಿದರೆ ಅವತ್ತೇ ಮನೆಗೆ," ಎಂದು ಯಜಮಾನಿ ಗುನಿಲ್ಲಾ ಮೊದಲ ದಿನವೇ ಹೇಳಿದ್ದಳು.

೨೦೦೬ರ ಆಗಸ್ಟ್‌ನಲ್ಲಿ ಸಿಗ್ಗೆ ಎಂಬ ಜೋಲುಗಿವಿಯ ಕಂದು ನಾಯಿ ಎಡ ಮುಂಗಾಲು ನೆಕ್ಕತೊಡಗಿತು. ನಾಯಿ ಕಾಲು ನೆಕ್ಕುವುದು ಹೊಸದೇ? ಕೆಸರಾದರೆ ನೆಕ್ಕುತ್ತದೆ, ಬೇಜಾರಾದರೆ ನೆಕ್ಕುತ್ತದೆ, ಅಲರ್ಜಿಯಿಂದ ನವೆಯೆದ್ದರೆ ನಾಲ್ಕನ್ನೂ ನೆಕ್ಕುತ್ತದೆ. ಇದೋ, ಮೂರು ದಿನದಿಂದ ಊಟ ಬಿಟ್ಟು ಒಂದೇ ಕಾಲಿನ ಒಂದೇ ಬೆರಳಸಂದಿಗೆ ಅಂಟಿಕೊಂಡಿತ್ತು.

"ಬೋರಾಗಿದೆ ಅದಕ್ಕೆ," ಎನ್ನುತ್ತ ಗುನಿಲ್ಲಾ ನೆಕ್ಕದಂತೆ ಕತ್ತಿನ ಸುತ್ತ ಲಾಳಿಕೆಯಂಥ ಪ್ಲಾಸ್ಟಿಕ್ ತೊಡಿಸಿಬಿಟ್ಟಳು. ಪಾರ್ವತಿಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆ ತಡೆದರೆ ನೋವು ನಿಲ್ಲುತ್ತದೆಯೇ, ಮುಠ್ಠಾಳ ಹೆಂಗಸು! ಅವಳು ಹೊರಗೆ ಹೋದದ್ದೇ ತಡ, ಪಾರ್ವತಿ ನಾಯಿಯ ಬೆರಳು ಅಗಲಿಸಿ ನೋಡಿದಳು. ಕೆಂಪಗೆ ಊದಿದ ಗಂಟು, ನಡುವೆ ಸಣ್ಣ ತೂತು, ಕೀವು, ಗಬ್ಬು ನಾತ. ಒಣಹುಲ್ಲಿನ ತೆನೆಯ ಮುಳ್ಳು ಒಳಗೆ ಹೊಕ್ಕಿತ್ತು. ಬಿಟ್ಟರೆ ಅದು ಮಾಂಸದೊಳಗೆ ಇನ್ನೂ ಮೇಲೆ ಏರುತ್ತದೆ. ಗುನಿಲ್ಲಾಳಿಗೆ ಹೇಳಿದರೆ, "ನೀನು ನೆಲ ನೋಡು," ಎಂದಳು.

ಸಂಜೆ ನಾಯಿಯ ಒಡತಿ, ನರೆಗೂದಲಿನ ಟೀಚರು, ಬಂದಳು. "ಸ್ವಲ್ಪ ಬೇಜಾರು, ಅಷ್ಟೇ," ಎಂದು ಗುನಿಲ್ಲಾ ಹಲ್ಲು ಬಿಟ್ಟಳು. ಪಾರ್ವತಿ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು.

"ಬೇಜಾರಲ್ಲ. ಕಾಲೊಳಗೆ ಮುಳ್ಳಿದೆ, ಕೀವಾಗಿದೆ. ಇವತ್ತೇ ಆಸ್ಪತ್ರೆಗೆ ಒಯ್ಯಿರಿ."

"ಇವಳು ಕ್ಲೀನರ್," ಎಂದು ಗುನಿಲ್ಲಾ ಅಡ್ಡ ಬಂದಳು.

ಒಡತಿ ಪಾರ್ವತಿಯನ್ನೇ ನೋಡಿದಳು. "ನಿಮಗೆ ಹೇಗೆ ಗೊತ್ತು?"

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮುಚ್ಚಿಕೊಂಡರೆ ನಾಯಿ ಹಾಗೇ ಮನೆಗೆ ಹೋಗುತ್ತದೆ. ಹಾಳಾಗಿ ಹೋಗಲಿ ಈ ಕೆಲಸ!

"ನಮ್ಮೂರಲ್ಲಿ ನಾನು ಪಶುವೈದ್ಯೆ."

ಒಡತಿ ಪ್ಲಾಸ್ಟಿಕ್ ಕಿತ್ತೆಸೆದು ಸಿಗ್ಗೆಯನ್ನು ಎತ್ತಿಕೊಂಡು ಕಾರಿಗೆ ಓಡಿದಳು. ಗುನಿಲ್ಲಾ ಕೀಲಿಗಾಗಿ ಕೈ ಚಾಚಿದಳು. ಪಾರ್ವತಿ ಬಾಗಿಲ ಕೀಲಿಯನ್ನು ಆ ಕೈಗೆ ಕೊಡದೆ ಮೇಜಿನ ಮೇಲೆ ಕುಕ್ಕಿ ಹೊರಬಿದ್ದಳು.

ಬಸ್‌ಸ್ಟಾಪಿನಿಂದ ಗಂಡನಿಗೆ ಫೋನ್ ಮಾಡಿದಳು.

"ಜಾಬ್ ಹೋಯ್ತಾ? ಅಯ್ಯೋ ಪಾರೂ, ಹೋಗಿ ಕ್ಷಮೆ ಕೇಳ್ಬಿಡೇ!" ಭಾಸ್ಕರ ಕೂಗಾಡಿದ. "ಅಂಥದ್ದೇನ್ ಮಾಡ್ದೆ ನೀನು?"

"ಮೂರು ವರ್ಷ ಆದ್ಮೇಲೆ," ಎಂದಳು ಪಾರ್ವತಿ, "ಇವತ್ತೊಂದು ಪೇಷಂಟ್ ನೋಡ್ದೆ ಕಣ್ರೀ."