ಆಂಜಿನಮ್ಮನ ‘ಪ್ಚ್’

ಶಿಡ್ಲಘಟ್ಟದಲ್ಲಿ ಆಂಜಿನಮ್ಮನಷ್ಟು ಕಡಿಮೆ ಮಾತಾಡುವವರನ್ನು ದೀಪ ಹಿಡಿದು ಹುಡುಕಬೇಕು. ಹರೆಯದಿಂದಲೂ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ದುಡಿದವಳು. ಆ ಮಿಷಿನ್ನುಗಳ ಸದ್ದಿನಲ್ಲಿ ಮಾತು ಯಾರ ಕಿವಿಗೆ ಬೀಳಬೇಕು? ಹುಬ್ಬು ಹಾರಿಸಿದರೆ ‘ಏನು’, ತಲೆ ಓಲಾಡಿಸಿದರೆ ‘ಆಗಲಿ’, ಗದ್ದ ಎತ್ತಿ ‘ಪ್ಚ್’ ಅಂದರೆ ‘ಬೇಡ’. ಕೆಲಸ ಬಿಟ್ಟಳು, ಅಭ್ಯಾಸ ಬಿಡಲಿಲ್ಲ.

ಮಗ ಜಗನ್ ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಅಲ್ಲೇ ನರ್ಸಾಗಿದ್ದ ಕಾಲಿಂಪಾಂಗ್‌ನ ಪೇಮಾಳನ್ನು ಮೆಚ್ಚಿದ. ಎರಡೂ ಮನೆಯವರು ಬೌದ್ಧರೇ. ಬುದ್ಧನ ಮುಂದೆ ಸರಳವಾಗಿ ಮದುವೆಯಾಯಿತು.

ಸೊಸೆ ಕಾಫಿ ಲೋಟ ಕೊಡುವಾಗಲೆಲ್ಲ ಎಡಗೈಯಿಂದ ಬಲ ಮೊಣಕೈ ಹಿಡಿದುಕೊಳ್ಳುವುದನ್ನು ಆಂಜಿನಮ್ಮ ಗಮನಿಸಿದಳು. ತಟ್ಟೆ ಕೊಡುವಾಗಲೂ ಹಾಗೇ. ಪಾಪ, ಕೈನೋವು, ಹೊಸಬಳು, ಹೇಳಲು ನಾಚಿಕೆ ಅಂದುಕೊಂಡಳು. ಅಂದಿನಿಂದ ಪೇಮಾ ಬಿಂದಿಗೆ ಮುಟ್ಟಿದರೆ ‘ಪ್ಚ್’. ಮುದ್ದೆ ತೊಳಸಲು ಬಂದರೆ ‘ಪ್ಚ್’.

ಒಂದು ಭಾನುವಾರ ಪೇಮಾ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಆಸ್ಪತ್ರೆಯ ಹಾಸ್ಟೆಲಿಗೆ ಹೋಗುತ್ತಾಳಂತೆ. ಅಡುಗೆಮನೆಯಲ್ಲಿದ್ದ ಆಂಜಿನಮ್ಮನ ಕೈ ನಿಂತಿತು.

“ಅಮ್ಮಂಗೆ ನನ್ ಕಂಡ್ರೆ ಆಗಲ್ಲ,” ಅಂದಳು ಪೇಮಾ.

“ಯಾಕೇ, ಬೈದ್ರಾ?” ಜಗನ್ ಕೇಳಿದ.

“ಬೈದ್ರೆ ಪರ್ವಾಗಿಲ್ಲ. ಏನ್ ಮುಟ್ಟಿದ್ರೂ ಅಸಹ್ಯ ಪಡ್ತಾರೆ. ನಿಂಗೂ ನಾನು ಬೇಜಾರಾ?”

ಜಗನ್ ಗದ್ದ ಎತ್ತಿ ‘ಪ್ಚ್’ ಅಂದ.

“ನೋಡು, ನೀನೂ ಅದೇ.”

“ನಾನೇನ್ ಮಾಡ್ದೆ? ಇಲ್ಲ ಅಂದೆ ಕಣೇ.”

“ನಮ್ಮ ಕಡೆ ಹಂಗಂದ್ರೆ ಪೀಡೆ ತೊಲಗು ಅಂದಂಗೆ.”

ಆಂಜಿನಮ್ಮನಿಗೆ ತಡೆಯಲಾಗಲಿಲ್ಲ. ಹೊರಬಂದಳು. “ನಿಂಗೆ ಕೈನೋವಲ್ವೇನಮ್ಮ? ಅದಕ್ಕೇ ಬೇಡ ಅಂತಿದ್ದೆ.”

“ಯಾವ ಕೈ?”

ಆಂಜಿನಮ್ಮ ತನ್ನ ಮೊಣಕೈ ಹಿಡಿದು ತೋರಿಸಿದಳು. ಪೇಮಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

“ಅದು ನೋವಲ್ಲಮ್ಮ. ದೊಡ್ಡೋರಿಗೆ ನಾವು ಹಂಗೇ ಕೊಡೋದು. ಮರ್ಯಾದೆ.”

“ಅಯ್ಯೋ ನಿನ್ನ. ನಾನು ನೀಲಗಿರಿ ಎಣ್ಣೆ ತರಿಸಿ ಇಟ್ಟಿದ್ದೀನಲ್ಲೇ.”

ಜಗನ್ ನಕ್ಕ. ಅವರಿಬ್ಬರೂ ನಗಲಿಲ್ಲ. ಇಷ್ಟು ದಿನ ಒಬ್ಬರು ಮರ್ಯಾದೆ ಕೊಡುತ್ತಾ, ಇನ್ನೊಬ್ಬರು ಅಕ್ಕರೆ ತೋರುತ್ತಾ, ಒಬ್ಬರಿಗೊಬ್ಬರು ದೂರವಾಗುತ್ತಲೇ ಬಂದಿದ್ದರು.

ಬ್ಯಾಗು ಇನ್ನೂ ಮಂಚದ ಮೇಲೇ ಇತ್ತು. ಆಂಜಿನಮ್ಮ ಅದನ್ನು ನೋಡಿದಳು. ಸನ್ನೆ ಸಾಲದು ಅನ್ನಿಸಿತು.

“ಹೋಗಬೇಡಮ್ಮ,” ಅಂದಳು. “ಇಲ್ಲೇ ಇರು.”

ಪೇಮಾ ಒಂದೊಂದೇ ಬಟ್ಟೆ ಹೊರಗೆ ತೆಗೆದಳು. ಅತ್ತೆ ಮಡಿಸಲು ಬಂದಾಗ, “ನೀವು ಕೂತ್ಕೊಳಿ, ನಾನ್ ಮಾಡ್ತೀನಿ,” ಅಂದಳು.

ಆಂಜಿನಮ್ಮ ಕೂರಲಿಲ್ಲ.